ಒಂದು ದಿನ ಮುಂಚಿನ ಅರಸ

ಹ್ಯಾಮಂಡ್ ಬೆಳಗಿನಿಂದ ಮೂರನೆಯ ಸಲ ಅದೇ ಹೆಸರನ್ನು ಚಾಕುವಿನ ತುದಿಯಿಂದ ಹೆರೆದು ತೆಗೆಯುತ್ತಿದ್ದ. ಹೊಸ ದೊರೆ ಇನ್ನು ನಾಲ್ಕು ದಿನಕ್ಕೆ ಯಾರ್ಕಿಗೆ ಬರುವವನಿದ್ದ. ಸ್ವಾಗತದ ಪದ್ಯವನ್ನು ಒಳ್ಳೆಯ ಚರ್ಮದ ಹಾಳೆಯ ಮೇಲೆ ದುಂಡಗೆ ಬರೆದುಕೊಡು ಎಂದು ಊರ ಹಿರಿಯರು ಹೇಳಿಕಳಿಸಿದ್ದರು. 'ನಮ್ಮ ದೊರೆ' ಎನ್ನುವ ತನಕ ಕೈ ಹೇಳಿದ ಹಾಗೆ ಕೇಳುತ್ತಿತ್ತು. ಅಲ್ಲಿಂದ ಮುಂದೆ ತನ್ನ ಪಾಡಿಗೆ ತಾನು 'ರಿಚರ್ಡ್' ಎಂದು ಬರೆದುಬಿಡುತ್ತಿತ್ತು. ಪತ್ರ ಬರೆದು ಹೊಟ್ಟೆ ಹೊರೆಯುವವರಿಗೆಲ್ಲ ಆ ವರ್ಷ ಇದೇ ಕಾಯಿಲೆ. ಮನೆ ಮಾರಿದ ಪತ್ರವಿರಲಿ, ಮಗಳಿಗೆ ಹಾಸಿಗೆ ಹೊದಿಕೆ ಬಿಟ್ಟ ಪತ್ರವಿರಲಿ, ಯಾವ ದೊರೆಯ ಆಳ್ವಿಕೆಯ ಎಷ್ಟನೆಯ ವರ್ಷ ಎಂದು ಬರೆಯದಿದ್ದರೆ ತಾರೀಖು ತಾರೀಖೇ ಅಲ್ಲ. ಎರಡು ವರ್ಷ ದಿನಕ್ಕೆ ಹತ್ತು ಸಲ ಬರೆದ ಹೆಸರು. ಅದರ ಒಡೆಯ ಯುದ್ಧದಲ್ಲಿ ಸತ್ತು ಎಂಟು ತಿಂಗಳಾಗಿತ್ತು, ಹ್ಯಾಮಂಡನ ಬೆರಳಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಹೆರೆದು ಹೆರೆದು ಆ ಜಾಗ ತೆಳ್ಳಗಾಗಿ ಕಿಟಕಿಗೆ ಹಿಡಿದರೆ ಬೆಳಕು ಕಾಣುತ್ತಿತ್ತು. ಇನ್ನೊಂದು ಸಲ ತಪ್ಪಿದರೆ ತೂತು ಬೀಳುವುದು ಖಂಡಿತ. ಹೊಸ ದೊರೆಯ ಹೆಸರು ಇರಬೇಕಾದಲ್ಲಿ ತೂತು! ಅವನಿಗೆ ನಗು ಬಂತು. ನಕ್ಕ ಮೇಲೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಎದ್ದು ಹೋಗಿ ಕಿಟಕಿಯಾಚೆ ನೋಡಿದ.

ಬೀದಿಯಲ್ಲಿ ಬಡಗಿಗಳು ಮರದ ಬೆಟ್ಟವೊಂದನ್ನು ಕಟ್ಟುತ್ತಿದ್ದರು. ದೊರೆ ಎದುರಿಗೆ ಬಂದಾಗ ಬೆಟ್ಟದ ಒಳಗಿನಿಂದ ಮೊದಲು ಹೊಸ ದೊರೆಯ ಮನೆತನದ ಗುರುತಾದ ಒಂದು ಕೆಂಪು ಗುಲಾಬಿ, ಆಮೇಲೆ ರಿಚರ್ಡನ ಮನೆತನದ ಒಂದು ಬಿಳಿ ಗುಲಾಬಿ ಎದ್ದು ಬರಬೇಕು, ಎರಡರ ಮೇಲೂ ಕಿರೀಟ ಇಳಿಯಬೇಕು. ಬಿಳಿ ಗುಲಾಬಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. "ಇನ್ನೊಂಚೂರು ಕೊಬ್ಬು ಸವರ್ರೋ ಅದಕ್ಕೆ!" ಎಂದು ಒಬ್ಬ ಮೇಲಿನಿಂದ ಕೂಗುತ್ತಿದ್ದ. ಮೂರು ವರ್ಷದ ಹಿಂದೆ ರಿಚರ್ಡ್ ಪಟ್ಟಕ್ಕೆ ಬಂದು ಯಾರ್ಕಿಗೆ ಬಂದಾಗಲೂ ಇವೇ ಏಣಿಗಳು, ಇವೇ ಬಡಗಿಗಳು. ಆದರೆ ಆಗ ಯಾರೂ ಯಾರಿಗೂ ಹೇಳಿಕಳಿಸಿರಲಿಲ್ಲ. ಜನ ತಾವಾಗಿಯೇ ಹಾಸಿಗೆಯ ಮೇಲಿನ ಕಸೂತಿ ಬಟ್ಟೆಗಳನ್ನೆಲ್ಲ ತಂದು ಕಿಟಕಿಗೆ ತೂಗುಬಿಟ್ಟಿದ್ದರು. ಊರಿಗೆ ಊರೇ ಎದೆಯ ಮೇಲೆ ರಿಚರ್ಡನ ಸ್ವಂತ ಗುರುತಾದ ಬಿಳಿ ಕಾಡುಹಂದಿಯ ಬಿಲ್ಲೆ ಸಿಕ್ಕಿಸಿಕೊಂಡಿತ್ತು. ಅಕ್ಕ ಇಸಾಟ್ ಜನರ ತಲೆಯಾಚೆ ಏನೂ ಕಾಣದೆ ಹಿಂದೆ ನಿಂತು ಗೊಣಗುತ್ತಿದ್ದಾಗ ಬಿಲ್ಲು ಮಾಡುವ ಕಸುಬಿನ ಭಾವ ವಿಲ್ಫ್ರಿಡ್ ಅವಳನ್ನು ಅನಾಮತ್ತಾಗಿ ಎತ್ತಿ ಮೀನಿನ ಪೀಪಾಯಿಯ ಮೇಲೆ ನಿಲ್ಲಿಸಿದ್ದ. ಮೂವತ್ತೈದು ವರ್ಷದ ಹೆಂಗಸು, ಪೀಪಾಯಿಯ ಮೇಲೆ, ಎರಡೂ ಕೈಯಲ್ಲಿ ಲಂಗ ಹಿಡಿದುಕೊಂಡು, "ಇಳ್ಸಿ, ಜನ ನೋಡ್ತಾರೆ!" ಎನ್ನುತ್ತ ದೊರೆಯನ್ನು ಒಂದು ಕ್ಷಣ ಬಿಡದೆ ನೋಡುತ್ತಿದ್ದಳು. ಭಾವ ಹ್ಯಾಮಂಡನ ಹೆಗಲಿಗೆ ಕೈ ಹಾಕಿ, "ನೋಡ್ಕೊಳ್ಳೋ, ಇವ್ನು ನಮ್ಮೋನು" ಎಂದಿದ್ದ. ಅವನ ಕೈಗೆ ಬಿಲ್ಲಿಗೆ ಸವರುವ ಜೇನುಮೇಣದ ವಾಸನೆಯಿತ್ತು. ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ. ಆ ದಿನ ಅದು ಸುಖವೆಂದು ಹ್ಯಾಮಂಡನಿಗೆ ಹೊಳೆದಿರಲೂ ಇಲ್ಲ; ಕಾಲು ನೋಯುತ್ತಿದೆ, ಮನೆಗೆ ಹೋಗೋಣ ಎಂದು ಅವನೇ ಎರಡು ಸಲ ರಾಗ ತೆಗೆದಿದ್ದ.

ಹೊಸ ದೊರೆ ಹೆನ್ರಿ ಜಾಣ, ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಪಟ್ಟಕ್ಕೆ ತನಗಿಂತ ಹತ್ತಿರದ ಹಕ್ಕಿದ್ದ ಹತ್ತು ವರ್ಷದ ಪೋರನನ್ನು ಲಂಡನ್ನಿನ ಕೋಟೆಯೊಳಗೆ ಹಾಕಿ ಬೀಗ ಜಡಿಸಿದ. ಎದುರಾಳಿ ಮನೆತನದ ಹುಡುಗಿಯನ್ನು ಮದುವೆಯಾಗಿ ಬಿಳಿ ಗುಲಾಬಿಯನ್ನೂ ತನ್ನದು ಮಾಡಿಕೊಂಡ. ರಿಚರ್ಡನಿಗೆ ಪಟ್ಟ ಹೇಗೆ ಬಂತೆಂದು ಹೇಳುವ ಶಾಸನದ ಪ್ರತಿ ಯಾರಲ್ಲಿದ್ದರೂ ಈಸ್ಟರ್ ಹಬ್ಬದೊಳಗೆ ತಂದೊಪ್ಪಿಸಬೇಕು, ಅದನ್ನು ಯಾರೂ ಓದದೆ ಸುಡಬೇಕು ಎಂದು ಅಪ್ಪಣೆ ಮಾಡಿದ. ಹ್ಯಾಮಂಡ್ ತಾನೇ ನಕಲು ಮಾಡಿದ್ದ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ಬಂದಿದ್ದ. ಆದರೆ ಎಲ್ಲಕ್ಕಿಂತ ದೊಡ್ಡ ಜಾಣತನ ತಾರೀಖಿನದು. ಯುದ್ಧ ನಡೆದದ್ದು ಆಗಸ್ಟ್ ಇಪ್ಪತ್ತೆರಡಕ್ಕೆ. ರಿಚರ್ಡ್ ಸತ್ತದ್ದು ಅಂದು, ಕಿರೀಟ ಸಿಕ್ಕಿದ್ದು ಅಂದು. ಹೊಸ ದೊರೆ ಮಾತ್ರ ತನ್ನ ಆಳ್ವಿಕೆ ಇಪ್ಪತ್ತೊಂದರಿಂದಲೇ ಶುರುವಾಯಿತೆಂದು ಬರೆಸಿದ. ಒಂದೇ ಒಂದು ದಿನ ಹಿಂದಕ್ಕೆ. ಅಷ್ಟು ಸಾಕಾಯಿತು, ಇಪ್ಪತ್ತೆರಡರ ಬೆಳಗ್ಗೆ ತಮ್ಮ ದೊರೆಗಾಗಿ ಬಿಲ್ಲು ಹಿಡಿದು ನಿಂತವರೆಲ್ಲ ದೊರೆಯ ಮೇಲೇ ಬಿಲ್ಲೆತ್ತಿದ ದ್ರೋಹಿಗಳಾಗಿಬಿಟ್ಟರು. ಕಸುಬಿನವನಾಗಿ ಹ್ಯಾಮಂಡ್ ಇದನ್ನು ಮೆಚ್ಚಿದ್ದ. ಹೆರೆದ ಗುರುತೂ ಇಲ್ಲದ ತಿದ್ದುಪಡಿ. ಮೆಚ್ಚಿದ ಮೇಲೆ ಅಂದು ಊಟ ಬಿಟ್ಟಿದ್ದ.

ಏಕೆಂದರೆ ಆ ಇಪ್ಪತ್ತೊಂದರ ಮಧ್ಯಾಹ್ನ ಅವನಿಗೆ ಚೆನ್ನಾಗಿ ನೆನಪಿತ್ತು. ರಿಚರ್ಡನ ಸೈನ್ಯ ಸೇರಲು ಯಾರ್ಕಿನಿಂದ ಹೊರಟ ಎಂಬತ್ತು ಜನ ಟ್ರೆಂಟ್ ನದಿಯ ಈಚೆ ದಡದಲ್ಲಿ ಕೂತು ಉಸಿರು ಬಿಡುತ್ತಿದ್ದರು. ಹ್ಯಾಮಂಡ್ ಹೋಗಿದ್ದು ಹೆಸರಿನ ಪಟ್ಟಿ ಬರೆಯುವುದಕ್ಕೆ. ಬಿಲ್ಲು ಅವನ ಕೈಯಲ್ಲಿ ಯಾವತ್ತೂ ಬಗ್ಗಿದ್ದಿಲ್ಲ. ಭಾವ ಬೇಲಿಯ ನೆರಳಿನಲ್ಲಿ ಕಾಲು ಚಾಚಿ ಈರುಳ್ಳಿ ಕಚ್ಚಿಕೊಂಡು ಗಿಣ್ಣು ತಿನ್ನುತ್ತಿದ್ದ. ಬಾಯಲ್ಲಿ ಈರುಳ್ಳಿ ಇರುವಾಗಲೇ ಅವನು ದ್ರೋಹಿಯಾಗಿದ್ದ, ಪಾಪ, ಅವನಿಗೆ ಗೊತ್ತಿರಲಿಲ್ಲ. ಆಗ ಸುದ್ದಿಯವನು ಕುದುರೆ ಓಡಿಸಿಕೊಂಡು ಬಂದ. ಯುದ್ಧ ನಾಳೆಯೇ, ನಡೆದು ಬಂದರೆ ಮುಟ್ಟುವುದಿಲ್ಲ, ಕುದುರೆ ಹತ್ತಬಲ್ಲವರು ಈಗಲೇ ಹೊರಡಿ ಎಂದ. ಹನ್ನೆರಡು ಕುದುರೆ ಸಿಕ್ಕವು. ಭಾವನೂ ಸೇರಿ ಹನ್ನೊಂದು ಜನ ಹತ್ತಿದರು. ಹನ್ನೆರಡನೆಯದು ಬೂದು ಬಣ್ಣದ ಕುದುರೆ, ಹ್ಯಾಮಂಡನ ಮುಂದೆಯೇ ನಿಂತಿತ್ತು. ಅವನು ಅದರ ಮೂತಿಯನ್ನು ನೋಡಿದ, ನೆಲ ನೋಡಿದ, "ನನ್ ಎಡಗಾಲಿನ ಹಿಮ್ಮಡಿ ಒಡೆದು ರಕ್ತ ಬರ್ತಿದೆ, ರಿಕಾಪಿನಲ್ಲಿ ಕಾಲಿಡೋಕಾಗಲ್ಲ" ಎಂದ. ಹಿಮ್ಮಡಿಗೆ ಏನೂ ಆಗಿರಲಿಲ್ಲ. ಯಾರೂ ಬೂಟು ಬಿಚ್ಚಿ ತೋರಿಸು ಎನ್ನಲಿಲ್ಲ. ಎಂಟು ತಿಂಗಳಿಂದ ಅವನನ್ನು ಇರಿಯುತ್ತಿದ್ದದ್ದು ಇದೇ. ಯಾರಾದರೂ ಒಬ್ಬರು ಬಿಚ್ಚಿಸಿದ್ದರೆ, ಬೈದು ಹತ್ತಿಸಿದ್ದರೆ! ಭಾವ ಮಾತ್ರ ಕುದುರೆಯಿಂದ ಇಳಿದು ಅವನ ಪಕ್ಕ ಬಂದು ಕೂತು, "ಹಾಗಿದ್ರೆ ಒಂದು ಕೆಲ್ಸ ಮಾಡು. ಹೇಗೂ ಇಲ್ಲೇ ಇರ್ತೀಯ, ನಂದೊಂದು ಉಯಿಲು ಬರ್ಕೋ" ಎಂದಿದ್ದ.

"ಬಾಗ್ಲು ಹಾಕ್ಕೊಂಡು ಏನ್ ಮಾಡ್ತಿದೀಯೋ, ಮೊಟ್ಟೆಗೆ ಕಾವು ಕೊಡ್ತಿದೀಯಾ?"

ಇಸಾಟ್ ತಾನೇ ಬಾಗಿಲು ದೂಡಿಕೊಂಡು ಬಂದಳು. ಬಿಲ್ಲಿನ ಹೆದೆ ಹೊಸೆದು ಹೊಸೆದು ಅವಳ ಬೆರಳ ತುದಿಗಳು ಮೇಣ ಮೆತ್ತಿ ಹೊಳೆಯುತ್ತಿದ್ದವು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಅಟ್ಟದ ಮೇಲೆ ವಿಲ್ಫ್ರಿಡ್ ಒಣಗಿಸಲಿಟ್ಟ ಯೂ ಮರದ ಸೀಳುಗಳಿದ್ದವು. ನಾಲ್ಕು ವರ್ಷ ಒಣಗದೆ ಅವು ಬಿಲ್ಲಾಗುವುದಿಲ್ಲ. ಮೂರು ವರ್ಷ ಮುಗಿದು ಇನ್ನೊಂದು ಉಳಿದಿತ್ತು.

"ಪಿಯರ್ಸ್ ಬೆಳಿಗ್ಗೆನೇ ಚರ್ಚಿನ ನ್ಯಾಯಸ್ಥಾನಕ್ಕೆ ಹೋಗಿದಾನೆ" ಎಂದಳು. ಪಿಯರ್ಸ್ ಅವಳ ಮೈದುನ. "ಅಣ್ಣ ದೊರೆ ಮೇಲೆ ಬಿಲ್ಲೆತ್ತಿ ಸತ್ತೋನು, ದ್ರೋಹಿ ಉಯಿಲು ಉಯಿಲೇ ಅಲ್ಲ, ಅಂಗಡಿ ಅವ್ನ ಹೆಂಡ್ತಿಗೆ ಸೇರ್ಬಾರ್ದು, ನಂಗೇ ಕೊಡಿ ಅಂತ. ಮಧ್ಯಾಹ್ನ ನಾನು ಉಯಿಲು ತಗೊಂಡು ಹೋಗ್ಬೇಕಂತೆ."

"ಅವ್ನೇ ತಾನೇ ಹಂದಿ ಬಿಲ್ಲೆ ಸಿಕ್ಕಿಸ್ಕೊಂಡು ಊರೆಲ್ಲಾ ಮೆರೀತಿದ್ದಿದ್ದು!"

"ಅದನ್ನ ಕರಗ್ಸಿ ಈಗ ಅಂಗಿಗೆ ಗುಂಡಿ ಮಾಡ್ಸಿದಾನೆ. ಆರು ಗುಂಡಿ." ಅವಳು ಮುಂದುಡುಗೆಯೊಳಗಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ನೀನು ಬರೆದಿದ್ದು ನೀನೇ ನೋಡು. ಇದನ್ನ ತೋರಿಸ್ಬಹುದಾ?"

ನೋಡುವ ಅಗತ್ಯವಿರಲಿಲ್ಲ. 'ರಿಚರ್ಡ್ ದೊರೆಯ ಆಳ್ವಿಕೆಯ ಮೂರನೆಯ ವರ್ಷ, ಆಗಸ್ಟ್ ಇಪ್ಪತ್ತೊಂದು, ಟ್ರೆಂಟ್ ದಡದಲ್ಲಿ, ದೊರೆಯ ಸೈನ್ಯಕ್ಕೆ ಹೋಗುವ ದಾರಿಯಲ್ಲಿ.' ಹ್ಯಾಮಂಡ್ ಅದನ್ನು ಅಂದು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದನೆಂದರೆ, ಭಾವನನ್ನು ಸಿಕ್ಕಿಹಾಕಿಸಲು ಬೇರೆ ಸಾಕ್ಷಿಯೇ ಬೇಡ.

"ಇದನ್ನ ತೋರಿಸಿದ್ರೆ ಅಂಗಡಿ ಹೋಯ್ತು ಅಂತಲೇ ತಿಳ್ಕೋ" ಎಂದ. ಮುಂದಿನದು ಅವನ ತಲೆಯಲ್ಲಿ ಆಗಲೇ ತಯಾರಿತ್ತು; ಎಷ್ಟು ದಿನದಿಂದ ತಯಾರಿತ್ತೋ. "ಬೇರೆ ಬರೀತೀನಿ. ಆಗಸ್ಟ್ ಒಂದು, ಹೊಸ ಗೋಧಿ ರೊಟ್ಟಿ ಹಬ್ಬ. ಆವತ್ತು ರಿಚರ್ಡೇ ದೊರೆ, ಇವ್ರ ಲೆಕ್ಕದಲ್ಲೂ. ಭಾವ ಮನೇಲಿ ಕೂತು ಬರೆಸಿದ್ರು. ಆಮೇಲೆ ಯೂ ಮರ ತರೋಕೆ ಹಲ್ ಬಂದರಿಗೆ ಹೋದ್ರು, ಅಲ್ಲಿ ಬೆವರು ಜ್ವರ ಬಂತು, ಹೋಗ್ಬಿಟ್ರು. ಸಾಕ್ಷಿಗೆ ನಾನು, ಇನ್ನೊಬ್ರು ಆಸ್ವಲ್ಡ್ ಪಾದ್ರಿ."

"ಆಸ್ವಲ್ಡ್ ಪಾದ್ರಿ ಚಳಿಗಾಲಕ್ಕೇ ಸತ್ತೋದ್ರಲ್ಲೋ."

"ಅದಕ್ಕೇ."

ಹೊರಗೆ ಬಿಳಿ ಗುಲಾಬಿ ಮತ್ತೆ ಸಿಕ್ಕಿಕೊಂಡು ಬಡಗಿಗಳು ಒಬ್ಬರನ್ನೊಬ್ಬರು ಬೈಯುತ್ತಿದ್ದರು.

"ಹಾಗಾದ್ರೆ ಅವ್ರು ಯುದ್ಧಕ್ಕೆ ಹೋಗ್ಲೇ ಇಲ್ಲ."

"ಹೋಗ್ಲಿಲ್ಲ."

"ನೀನೂ ಹೋಗ್ಲಿಲ್ಲ."

"ನಾನೂ."

ಹಾಗೆಂದಾಗ ಹ್ಯಾಮಂಡನ ಎದೆಯಿಂದ ದೊಡ್ಡ ಮೂಟೆಯೊಂದು ಇಳಿದಂತಾಯಿತು, ಅದರ ಬೆನ್ನಿಗೇ ನಾಚಿಕೆಯಾಯಿತು. ಭಾವ ಹೋಗಲೇ ಇಲ್ಲವೆಂದಮೇಲೆ ಅವನನ್ನು ಯಾರೂ ಬಿಟ್ಟು ಬಂದಿಲ್ಲ. ಬೂದು ಕುದುರೆ ಇಲ್ಲ. ಟ್ರೆಂಟ್ ದಡ ಇಲ್ಲ. ಅಕ್ಕನ ಅಂಗಡಿಯನ್ನು ಉಳಿಸುವ ನೆಪದಲ್ಲಿ ತಾನು ಹೆರೆದು ತೆಗೆಯುತ್ತಿರುವುದು ಯಾವುದನ್ನು ಎಂದು ಅವನಿಗೆ ಗೊತ್ತಿತ್ತು. ಹೊಸ ದೊರೆ ಮಾಡಿದ್ದೂ ಇದನ್ನೇ ಅಲ್ಲವೇ, ಒಂದು ತಾರೀಖನ್ನು ಸರಿಸಿ ನಿರಾಳವಾಗಿ ಮಲಗಿದ. ಅವನಿಗೆ ನಿದ್ದೆ ಬರುತ್ತದೋ ಏನೋ. ಹ್ಯಾಮಂಡ್ ಹೊಸ ಕಾಗದ ತೆಗೆದು ಬರೆದ. ಕೈ ಎಲ್ಲಿಯೂ ತಡೆಯಲಿಲ್ಲ. ರಿಚರ್ಡ್ ಎಂದು ಬರೆಯಬೇಕಾದಲ್ಲಿ ರಿಚರ್ಡ್ ಎಂದೇ ಬರೆಯುವ ಅವಕಾಶ ಅದಕ್ಕೆ ಬಹಳ ದಿನದ ಮೇಲೆ ಸಿಕ್ಕಿತ್ತು. ಭಾವ ಅವನಿಗೆ ಬಿಲ್ಲು ಹಿಡಿಸಲು ಪಟ್ಟ ಪಾಡು ನೆನಪಾಯಿತು. ಭಾನುವಾರ ಊರಾಚೆಯ ಬಯಲಿನಲ್ಲಿ ಬೆನ್ನ ಹಿಂದೆ ನಿಂತು, ಮೊಣಕೈ ಎತ್ತಿ ಹಿಡಿದು, "ಉಸಿರು ಬಿಡೋ, ಸಾಯ್ಬೇಡ" ಎನ್ನುತ್ತಿದ್ದ. ಬಾಣ ಹೋಗಿ ಯಾರದೋ ಎಮ್ಮೆಯಷ್ಟು ದಪ್ಪದ ಹಂದಿಯ ಪಕ್ಕ ಬಿದ್ದಾಗ ಇಬ್ಬರೂ ಓಡಿದ್ದರು, ನಗುತ್ತ ನಗುತ್ತ ಓಡಲಾರದೆ ಹುಲ್ಲಿನ ಮೇಲೆ ಬಿದ್ದಿದ್ದರು.

ಬರೆದು ಮುಗಿಸಿ ಮರಳು ಉದುರಿಸಿದ. ಹಳೆಯ ಕಾಗದಕ್ಕೆ ಕೈ ಹಾಕಿ, ಅರಗು ಕಾಯಿಸುವ ಕೆಂಡದ ಕಡೆ ತಿರುಗಿದ.

"ಹಾಗೇ ಹಾಕ್ಬೇಡ. ಓದು" ಎಂದಳು ಇಸಾಟ್.

"ಏನಿದೆ ಅಕ್ಕಾ ಅದ್ರಲ್ಲಿ. ಎಲ್ಲಾ ನಿಂಗೇ ಅಂತ ಆವತ್ತೇ ಹೇಳಿದ್ನಲ್ಲ."

"ಹೇಳ್ದೆ. ಓದ್ಲಿಲ್ಲ. ದೊರೆ ಬೇಕಾದ್ರೆ ಓದದೆ ಸುಡ್ಲಿ, ನನ್ ಮನೆ ಕಾಗದ ಓದೇ ಸುಡ್ಬೇಕು. ಅವ್ರ ಬಾಯಿಂದ ಬಂದ ಕೊನೇ ಮಾತು ಅದು. ಓದು."

ಹ್ಯಾಮಂಡ್ ಓದಿದ. ಆತ್ಮ ದೇವರಿಗೆ, ದೇಹ ದೇವರು ಎಲ್ಲಿ ಇಡುತ್ತಾನೋ ಅಲ್ಲಿಗೆ. ಬೀದಿಯ ಚರ್ಚಿಗೆ ಎರಡು ಮೇಣದ ಬತ್ತಿ. ಅಂಗಡಿ, ಉಳಿ, ಗರಗಸ, ಅಟ್ಟದ ಮೇಲಿನ ಮರ ಎಲ್ಲವೂ ಹೆಂಡತಿ ಇಸಾಟ್‌ಗೆ. ಕಿಟಕಿಯ ಕಡೆಯ ಸೀಳುಗಳನ್ನು ಆಗಾಗ ತಿರುವಿ ಹಾಕಲಿ, ಬಿಸಿಲಿಗೆ ಸೊಟ್ಟಗಾಗುತ್ತವೆ. ಅವಳಿಗೆ ಮನಸ್ಸಿದ್ದರೆ ಮತ್ತೆ ಮದುವೆಯಾಗಲಿ, ಬೇಡವಾದರೆ ಬೇಡ. ಇಸಾಟ್ ಮೂಗಿನಲ್ಲಿ ಸಣ್ಣಗೆ ಸದ್ದು ಮಾಡಿದಳು. ಹ್ಯಾಮಂಡ್ ತಾರೀಖನ್ನು ಓದಿ ಕಾಗದ ಮಡಿಸಿದ.

"ತಾಳು" ಎಂದು ಅವಳು ಕಾಗದ ಕಿತ್ತುಕೊಂಡಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಹೆದೆಗೆ ನೂಲೆಳೆ ಎಣಿಸುವ ಕಣ್ಣು. ಅವನು ಓದುತ್ತಿದ್ದಾಗ ಅವನ ದೃಷ್ಟಿ ಸಾಲಿನಿಂದ ಸಾಲಿಗೆ ಇಳಿಯುವುದನ್ನು ನೋಡುತ್ತಲೇ ಇದ್ದಳು. ಮೇಣದ ಬೆರಳನ್ನು ತಾರೀಖಿನ ಮೇಲೆ ಇಟ್ಟಳು. "ಇದು ತಾರೀಖು. ಇದ್ರ ಮೇಲೆ ಎರಡು ಸಾಲು ಬಿಟ್ಟೆ."

ಆ ಎರಡು ಸಾಲನ್ನು ಭಾವ ಹೇಳಿದಾಗ ಹ್ಯಾಮಂಡ್ ಅವನ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡೇ ಬರೆದಿದ್ದ. ಈಗಲೂ ತಲೆ ತಗ್ಗಿಸಿಕೊಂಡೇ ಓದಿದ: "ನನ್ನ ಹೆಂಡತಿಯ ತಮ್ಮ ಹ್ಯಾಮಂಡನ ಹಿಮ್ಮಡಿ ಒಡೆದು ರಕ್ತ ಬರುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನು ಹಿಂದೆ ಉಳಿದನೆಂದು ಯಾರೂ ಅವನನ್ನು ಅನ್ನಬಾರದು, ನನ್ನ ಮನೆಯಲ್ಲಿ ಅವನ ತಟ್ಟೆ ಎಂದಿನಂತೆ ಇರಲಿ."

ಇಸಾಟ್ ಕಾಗದವನ್ನು ಮುಖದ ಹತ್ತಿರ ಹಿಡಿದು ವಾಸನೆ ನೋಡಿದಳು, ಕೆಂಡದ ಮೇಲೆ ತಾನೇ ಇಟ್ಟಳು. ಅದು ಪೂರ್ತಿ ಉರಿಯುವ ತನಕ ನಿಂತಿದ್ದು, "ನಡಿ, ಹೊತ್ತಾಯ್ತು" ಎಂದಳು.

ನ್ಯಾಯಸ್ಥಾನದಲ್ಲಿ ಕೂತಿದ್ದ ಪಾದ್ರಿಗೆ ವಿಪರೀತ ನೆಗಡಿಯಾಗಿತ್ತು. ಪಿಯರ್ಸ್ ಆರು ಗುಂಡಿಯ ಅಂಗಿ ತೊಟ್ಟುಕೊಂಡು ಬಂದಿದ್ದ. "ಇಡೀ ಊರಿಗೇ ಗೊತ್ತು ಸ್ವಾಮಿ, ನಮ್ಮಣ್ಣ ಯುದ್ಧಕ್ಕೆ ಹೋಗಿದ್ದ ಅಂತ" ಎಂದ. ಪಾದ್ರಿ ಮೂಗೊರೆಸಿಕೊಂಡು ಬೆಂಚುಗಳ ಕಡೆ ನೋಡಿ, "ಹೋದ ಆಗಸ್ಟಿನಲ್ಲಿ ಈ ಊರಿಂದ ಯಾರಾದ್ರೂ ದಕ್ಷಿಣಕ್ಕೆ ಹೋಗಿದ್ರೇನಪ್ಪಾ?" ಎಂದು ಕೇಳಿದ. ಬೆಂಚುಗಳ ಮೇಲಿದ್ದವರೆಲ್ಲ ಚಾವಣಿ ನೋಡಿದರು. ಮೂರು ಬೆರಳು ಕಳೆದುಕೊಂಡು ಬಂದಿದ್ದ ಚರ್ಮದ ಕೆಲಸದವನೊಬ್ಬ ಕೈಯನ್ನು ನಿಲುವಂಗಿಯೊಳಕ್ಕೆ ಎಳೆದುಕೊಂಡ. ಎಂಬತ್ತು ಜನ ಹೋದ ಊರಿನಿಂದ ಯಾರೂ ಹೋಗಿರಲಿಲ್ಲ. ಹ್ಯಾಮಂಡನಿಗೆ ಒಮ್ಮೆಲೆ ಈ ಊರಿನ ಮೇಲೆ, ಇಲ್ಲಿನ ಹೆದರುಪುಕ್ಕಲ, ಮೊಂಡ ಜನರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅವನು ಬೈಬಲ್ಲಿನ ಮೇಲೆ ಕೈಯಿಟ್ಟು, ವಿಲ್ಫ್ರಿಡ್ ಆಗಸ್ಟ್ ಒಂದರಂದು ತನ್ನ ಮನೆಯಲ್ಲಿ, ಸ್ವಸ್ಥ ಬುದ್ಧಿಯಿಂದ ಈ ಉಯಿಲು ಹೇಳಿ ಬರೆಸಿದನೆಂದೂ, ಯೂ ಮರ ತರಲು ಹೋಗಿ ಜ್ವರದಿಂದ ಸತ್ತನೆಂದೂ ಪ್ರಮಾಣ ಮಾಡಿದ. ಪಾದ್ರಿ ಉಯಿಲಿಗೆ ಮುದ್ರೆ ಒತ್ತಿ, ಅಂಗಡಿ ಹೆಂಡತಿಗೆ ಎಂದು ಹೇಳಿ, ಸೀನಿದ. ಪಿಯರ್ಸ್ ಗುಂಡಿ ತಿರುವುತ್ತ ಹೊರಟುಹೋದ.

ಊಸ್ ನದಿಯ ಸೇತುವೆಯ ಮೇಲೆ ಇಸಾಟ್ ಮುಂದೆ, ಹ್ಯಾಮಂಡ್ ಹಿಂದೆ. ಆಗಸ್ಟಿನಲ್ಲಿ ಊರಿಗೆ ಮರಳಿದಾಗಿನಿಂದ ಅವನು ಎಡಗಾಲನ್ನು ತುಸು ಎಳೆದು ಹಾಕುತ್ತಿದ್ದ. ಮೊದಮೊದಲು ಜನರಿಗಾಗಿ ಎಳೆಯುತ್ತಿದ್ದ. ಈಗ ಯಾರಿಗಾಗಿ ಎಂದು ಅವನಿಗೇ ತಿಳಿಯದು. ಕೆಳಗೆ ದೋಣಿಯವರು ದೊರೆಗಾಗಿ ಬಾವುಟ ಕಟ್ಟುತ್ತಿದ್ದರು. ಪುಸ್ತಕ ಮುಟ್ಟಿ ಅಷ್ಟೊಂದು ಸುಳ್ಳು ಹೇಳಿ ಬಂದ ಬಾಯಿಗೆ ಇನ್ನೊಂದನ್ನು ಒಳಗಿಟ್ಟುಕೊಳ್ಳಲು ಆಗಲಿಲ್ಲ.

"ಅಕ್ಕಾ, ನನ್ ಹಿಮ್ಮಡಿಗೆ ಏನೂ ಆಗಿರ್ಲಿಲ್ಲ."

ಅವಳು ನಿಲ್ಲಲಿಲ್ಲ. "ಗೊತ್ತು" ಎಂದಳು. "ನೀನು ವಾಪಸ್ ಬಂದ ದಿನ ಹೊಸ್ತಿಲ ಮೇಲೆ ಕುಸಿದು ಕೂತೆಯಲ್ಲ, ಬೂಟು ಬಿಚ್ಚಿ ಕಾಲು ತೊಳ್ದಿದ್ದು ಯಾರು? ಎರಡೂ ಹಿಮ್ಮಡಿ ಒರಸ್ದೆ. ಒಂದು ಗೀರಿರ್ಲಿಲ್ಲ."

ಹ್ಯಾಮಂಡನಿಗೆ ಅವಳ ಮನೆಯ ಊಟದ ಮೇಜು ನೆನಪಾಯಿತು. ಎಂಟು ತಿಂಗಳು ಇವಳು ಭಾನುವಾರ ಭಾನುವಾರ ತನ್ನ ಮುಂದೆ ತಟ್ಟೆ ಇಟ್ಟಿದ್ದಾಳೆ, ಮೀನಿನ ದೊಡ್ಡ ತುಂಡು ಹಾಕಿದ್ದಾಳೆ.

"ನಂಗೆ ಗೊತ್ತಿಲ್ದೆ ಇದ್ದಿದ್ದು ಒಂದೇ ಒಂದು" ಎಂದಳು ಇಸಾಟ್. ಈಗ ಅವಳು ನಿಂತಿದ್ದಳು, ನೀರಿನ ಕಡೆ ಮುಖ ಮಾಡಿ. "ಅವ್ರಿಗೆ ಗೊತ್ತಿತ್ತಾ ಅಂತ. ನಿನ್ನ ನಂಬ್ಕೊಂಡು, ಇನ್ನೇನು ಹಿಂದಿಂದ ಬರ್ತಾನೆ ಅಂತ ತಿರ್ಗಿ ತಿರ್ಗಿ ನೋಡ್ತಾ ಸತ್ರೇನೋ ಅಂತ ರಾತ್ರಿಯೆಲ್ಲಾ ಕೊರಗ್ತಿದ್ದೆ ಕಣೋ. ಇಲ್ದೇ ಇದ್ದ ಗಾಯಾನ ಕಣ್ಣಾರೆ ನೋಡ್ದೆ ಅಂತ ಬರ್ಸಿದಾರೆ. ಅಂದ್ರೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬಿಟ್ಟು ಹೋದ್ರು. ನೀನು ಬದುಕ್ಲಿ ಅಂತ್ಲೇ ಹೋದ್ರು." ಅವಳು ಮೇಣದ ಬೆರಳಿನಿಂದ ಕಣ್ಣೊರೆಸಿಕೊಂಡಳು. "ನಡಿ ಇನ್ನು. ಮನೆ ತನಕನಾದ್ರೂ ಎರಡೂ ಕಾಲು ಊರಿ ನಡಿ."

ಹ್ಯಾಮಂಡ್ ಎಡಗಾಲನ್ನು ಪೂರ್ತಿ ನೆಲಕ್ಕೆ ಊರಿದ. ಅಕ್ಕನ ಹಿಂದೆ, ಜನರ ನಡುವೆ, ಕಣ್ಣೀರು ಒರೆಸಿಕೊಳ್ಳದೆ ನಡೆದ.